ಹಲ್ಲಿ ನುಡಿದದ್ದು

ನಾಲ್ಕಡಿ ಸಮುದ್ರ ಎರಡಡಿಗೆ ಇಳಿಯಬೇಕು, ಇವತ್ತೇ,
ಕರೆಂಟು ಇರುವಾಗಲೇ.
ಮೊಣಕಾಲು ಹೋದ ವರ್ಷವೇ ನೋಟಿಸು ಕೊಟ್ಟಿತ್ತು:
ಇಪ್ಪತ್ತು ಲೀಟರಿನ ಕ್ಯಾನು, ಹದಿನೇಳು ಮೆಟ್ಟಿಲು,
ವಾರಕ್ಕೆ ನಾಲ್ಕು ಸಲ. ಇನ್ನು ನನ್ನಿಂದಾಗದು.

ಕೋಲಾರದ ಬೋರಿನ ನೀರು ಹಲ್ಲನ್ನೇ ಕಂದು ಮಾಡುತ್ತದೆ,
ಹವಳವನ್ನು ಬಿಟ್ಟೀತೆ?
ಅದಕ್ಕೇ ಬಿಲ್ಲೆ ಹಾಕಿ ಹಿಡಿದ ಫಿಲ್ಟರ್ ನೀರು,
ಆ ನೀರಿಗೆ ಬಕೆಟ್ಟಿನ ಉಪ್ಪು.
ಲ್ಯಾಬಿನಲ್ಲಿ ದಿನವಿಡೀ ಜನರ ಮೂತ್ರದ ಸಾಂದ್ರತೆ ನೋಡುತ್ತೇನಲ್ಲ,
ಅಂಥದ್ದೇ ಇನ್ನೊಂದು ಕೊಳವೆ ಮನೆಯಲ್ಲಿ, ಸಂಜೆಯ ಕಡಲಿಗೆ.
ಒಂದು ದಶಾಂಶ ಸೊನ್ನೆ ಎರಡು ಐದು.
ನೀರು ಕಮ್ಮಿ ಕುಡಿದವರದ್ದೂ ಕಡಲಿನದ್ದೂ
ಒಂದೇ ಗೆರೆಗೆ ಬಂದು ನಿಲ್ಲುತ್ತದೆ.
ಇದನ್ನು ಯಾರಿಗೂ ಹೇಳಿಲ್ಲ.

ಇಲಿಯಾಜ್ ಮಂಡಿಯಿಂದ ಟೊಮೆಟೊ ಕ್ರೇಟು ತಂದಿದ್ದಾನೆ, ಒಂಬತ್ತು.
ಪ್ಲಾಸ್ಟಿಕ್ಕು ಹಾಸಿ, ಹಳೇ ನೀರು ಸುರಿದು,
ಕಲ್ಲುಗಳನ್ನು ಒಂದೊಂದಾಗಿ ಇಳಿಸುತ್ತೇವೆ
ಬಾಣಂತಿಯನ್ನು ಗಾಡಿಯಿಂದ ಇಳಿಸುವ ಹಾಗೆ.
"ಕಲ್ಲಿಗ್ಯಾಕಕ್ಕಾ ಇಷ್ಟು ಮರ್ಯಾದೆ? ಬೆಟ್ಟದ ತುಂಬ ಬಿದ್ದಿದಾವಲ್ಲ."
ಇವು ಉಸಿರಾಡ್ತವೆ ಕಣೋ, ಅಂದೆ.
ಅವನು ಬೆರಳು ಹಿಂದಕ್ಕೆ ತೆಗೆದುಕೊಂಡ.

ಹಳದಿ ಟ್ಯಾಂಗ್‌ಗೆ ಓಡಾಡಲು ಅಂಗಳ ಬೇಕು;
ಬಂಗಾರಪೇಟೆಯ ಹಲ್ಲಿನ ಡಾಕ್ಟರಿಗೆ ಕೊಟ್ಟೆ,
ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಬಸ್ಸಿಗಲ್ಲ, ಆಟೋದಲ್ಲಿ.
ಅಣಬೆ ಹವಳ ಇರಲಿ. ಕ್ಲೌನ್ ಜೋಡಿಯೂ ಇರಲಿ,
ಅವುಗಳ ಜಗಳ ನೋಡದೆ ನನಗೆ ಊಟ ಸೇರದು.
"ಚಿನ್ನದ ಜಿಲ್ಲೇಲಿ ಹುಟ್ಟಿ ಹವಳ ಸಾಕ್ತೀಯಲ್ಲೇ" ಎಂದು
ಚಿಕ್ಕಮ್ಮ ಮುನಿಲಕ್ಷ್ಮಮ್ಮ ನಗುತ್ತಿದ್ದಳು
ತಾಳಿಯ ಎರಡು ಹವಳ ಮುಟ್ಟಿಕೊಂಡು.

ಕೊನೆಯ ಕಲ್ಲು, ತಳದ್ದು, ಆರು ವರ್ಷ ಕದಲದ್ದು.
ಎತ್ತಿದೆ. ಮರಳು ಹೊಗೆಯಾಯಿತು. ಕೊಳೆತ ಮೊಟ್ಟೆಯ ವಾಸನೆ.
ಹೊಗೆಯೊಳಗಿಂದ
ಟಕ್.

ಆ ಟಕ್ ನನಗೆ ಗೊತ್ತು.
ಆರು ವರ್ಷ ಈ ನಡುಮನೆಯಲ್ಲಿ ಮಾತಿನ ಬೆನ್ನಿಗೇ
ಎಲ್ಲಿಂದಲೋ ಕೇಳುತ್ತಿತ್ತು.
ಚಿಕ್ಕಮ್ಮ ನೆಲಕ್ಕೆ ಬೆರಳು ಬಡಿದು
"ಕೃಷ್ಣ ಕೃಷ್ಣ, ಹಲ್ಲಿ ನುಡೀತು, ಸತ್ಯ" ಅನ್ನುತ್ತಿದ್ದಳು.
ಉಗಾದಿಗೆ ಕಾಸು ವಾಪಸ್ಸು ಕೊಡ್ತೀನಿ, ಅಂದ ಭಾವ ಜಯಸಿಂಹ. ಟಕ್.
ಬರೀ ಕೊಬ್ಬಿನ ಗೆಡ್ಡೆ ಚಿಕ್ಕಮ್ಮ, ಹೆದರಬೇಡ,
ಅಂದೆ ನಾನು, ರಿಪೋರ್ಟು ಓದಿದ್ದವಳು.
ಟಕ್.
ಅವಳು ನೆಲ ಬಡಿದಳು.
ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಈಗ ಬಿಳಿ ಟಬ್ಬಿನಲ್ಲಿ: ಕಿರುಬೆರಳುದ್ದದ ಸಿಗಡಿ.
ಒಂದು ಕೈ ಕಡ್ಡಿ, ಇನ್ನೊಂದು ಮೈಗಿಂತ ದಪ್ಪದ ಇಕ್ಕಳ.
ಯಾವುದೋ ಕಲ್ಲಿನ ಬಿಲದಲ್ಲಿ ಕೂತು ಬಂದದ್ದು,
ನಾನು ದುಡ್ಡು ಕೊಟ್ಟು ತಂದದ್ದಲ್ಲ.
ಕಣ್ಣು ಅಷ್ಟಕ್ಕಷ್ಟೆ. ಕಿವಿ ಇದೆಯೋ ಇಲ್ಲವೋ ತಿಳಿಯೆ.
ಹೊಟ್ಟೆಗಾಗಿ ಹೊಡೆಯುತ್ತಿತ್ತು.

"ಬಿಸಾಕ್ಲಾ ಅಕ್ಕಾ?" ಇಲಿಯಾಜ್ ಲೋಟ ಹಿಡಿದು ನಿಂತಿದ್ದ.
ಸಣ್ಣ ತೊಟ್ಟಿಗೆ ಇದು ಬೇಡ, ಮೀನು ಹೊಡೆದೀತು,
ತಿಳಿದವರು ಹಾಗೇ ಹೇಳುತ್ತಾರೆ.
ಇರಲಿ ಬಿಡು, ಅಂದೆ. ಯಾಕೆಂದು ಅವನು ಕೇಳಲಿಲ್ಲ,
ಕೇಳಿದ್ದರೆ ಉಪ್ಪಿನ ಋಣ ಅಂತೇನೋ ಅನ್ನುತ್ತಿದ್ದೆ.

ರಾತ್ರಿ ಹತ್ತೂವರೆ. ಎರಡಡಿಯ ನೀರಿಗೆ ಇನ್ನೂ ಮಜ್ಜಿಗೆ ಬಣ್ಣ.
ಕ್ಲೌನುಗಳು ಮೂಲೆ ಹಿಡಿದಿವೆ, ಹವಳ ಮುಷ್ಟಿ ಬಿಚ್ಚಿಲ್ಲ.
ಹಳೇ ತೊಟ್ಟಿ ತಾರಸಿ ಮೇಲೆ ಬೋರಲು;
ಇಲಿಯಾಜ್ ಅದರಲ್ಲಿ ಮೆಣಸಿನ ಸಸಿ ಎಬ್ಬಿಸುತ್ತಾನಂತೆ.
ದೀಪ ಆರಿಸಿ, ನೋಯುವ ಕಾಲು ಚಾಚಿ ಕೂತು,
ಗಾಜಿನ ಹತ್ತಿರ ಬಾಯಿ ತಂದು ಹೇಳಿದೆ
ರಿಪೋರ್ಟಿನಲ್ಲಿದ್ದ ಪದವನ್ನು, ಇದ್ದ ಹಾಗೇ,
ಎರಡು ಸಲ.

ಏನೂ ಇಲ್ಲ. ಪಂಪಿನ ಗೊರಗೊರ.

ಎದ್ದು ಅಡಿಗೆಮನೆಯಲ್ಲಿ ನೀರು ಕುಡಿಯುತ್ತಿದ್ದೆ,
ಏನೂ ಹೇಳದೆ, ಏನನ್ನೂ ನೆನೆಯದೆ.
ಟಕ್.
ಬೆರಳು ತಾನಾಗಿ ಹೋಗಿ ಒಲೆಯ ಕಟ್ಟೆ ಬಡಿಯಿತು.